ಅಪ್ಪಣೆ ಕೇಳುತ್ತಿದ್ದ ಮೇಷ್ಟ್ರು

ನಮ್ಮ ಶಾಲೆಯಲ್ಲಿ ಮೈಕು ಕೆಟ್ಟರೆ ರಿಪೇರಿಗೆ ಯಾರೂ ಅವಸರ ಮಾಡುತ್ತಿರಲಿಲ್ಲ. ಪಿ.ಟಿ. ಮೇಷ್ಟ್ರು ಇದ್ದರಲ್ಲ. ಅವರು ಧ್ವಜಕಂಬದ ಪಕ್ಕ ನಿಂತು ಒಮ್ಮೆ ‘ಸಾವಧಾನ್’ ಅಂದರೆ ಮೈದಾನದ ಮಕ್ಕಳಷ್ಟೇ ಅಲ್ಲ, ಕಾಂಪೌಂಡಿನ ಆಚೆ ಮತ್ತಿಕೆರೆಯ ರಸ್ತೆಯಲ್ಲಿ ಹೋಗುವವರೂ ಒಂದು ಗಳಿಗೆ ನೆಟ್ಟಗಾಗುತ್ತಿದ್ದರು. ಗೇಟಿನ ಬಳಿ ಸೊಪ್ಪು ಮಾರುತ್ತಿದ್ದ ಹೆಂಗಸು, ‘ನಿಮ್ ಸಾರ್ ಕೂಗಿದ್ರೆ ಬಾಡಿದ ಕೊತ್ತಂಬರಿನೂ ಎದ್ದು ನಿಲ್ತದೆ ಕಣಮ್ಮ’ ಎಂದು ನನ್ನ ಬಳಿ ನಗುತ್ತಿದ್ದಳು.

ಕಳೆದ ತಿಂಗಳು ಅವರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸಂಜೆಯವರೆಗೂ ಅವರದೇ ಮಾತು. ‘ಎಂಥಾ ಕಂಠ ಅದು’ ಎಂದು ಒಬ್ಬ, ‘ಅವರ ಕೈಲಿ ಏಟು ತಿಂದೋರೆಲ್ಲ ಉದ್ಧಾರ ಆದ್ವಿ’ ಎಂದು ಇನ್ನೊಬ್ಬ. ಎಲ್ಲರೂ ನೆನೆದದ್ದು ಆ ಗಂಟಲನ್ನೇ. ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಆ ಗಂಟಲು ಕೊನೆಯ ವರ್ಷಗಳಲ್ಲಿ ಏನಾಗಿತ್ತು ಎಂಬುದನ್ನು ಹತ್ತಿರದಿಂದ ಕಂಡವರು ನಾವು ಎರಡು ಮೂರು ಜನ. ಗುಂಪಿನಲ್ಲಿ ನಾನೇನೂ ಬರೆಯಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಶಾಲೆ ಬಿಟ್ಟ ಮೇಲೆ ಹೆಬ್ಬಾಳದವರೆಗೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಅಲ್ಲಿಂದ ನಾನು ಆರ್.ಟಿ. ನಗರಕ್ಕೆ, ಅವರು ಜಕ್ಕೂರಿಗೆ. ಒಂದು ಸಂಜೆ ಬಸ್ಸಿನಲ್ಲಿ ಕುಡಿದಿದ್ದವನೊಬ್ಬ ಕಾಲೇಜು ಹುಡುಗಿಯೊಬ್ಬಳಿಗೆ ಅಂಟಿಕೊಂಡು ನಿಂತು ಕಾಟ ಕೊಡುತ್ತಿದ್ದ. ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರು. ಮೇಷ್ಟ್ರು ಕೂತಲ್ಲಿಂದಲೇ ಒಂದು ಸಲ ‘ಸಾವಧಾನ್’ ಅಂದರು. ಕುಡುಕ ಕೈಗಳನ್ನು ತೊಡೆಗೆ ಅಂಟಿಸಿಕೊಂಡು ನಿಂತುಬಿಟ್ಟ. ಡ್ರೈವರು ಬ್ರೇಕು ಹಾಕಿದ. ಎಲ್ಲಿಯೋ ಯಾವುದೋ ಶಾಲೆಯಲ್ಲಿ ಆ ಕುಡುಕನೂ ಒಬ್ಬ ಪಿ.ಟಿ. ಮೇಷ್ಟ್ರ ಕೈಯಲ್ಲಿ ಬೆಳೆದಿರಬೇಕು. ಇಳಿಯುವಾಗ ಅವನು ಇವರಿಗೆ ನಮಸ್ಕಾರ ಮಾಡಿ ಹೋದ.

ಅವರದು ಜಕ್ಕೂರಿನ ಹಳೆಯ ಊರೊಳಗಿನ ಮನೆ. ತಂದೆ ಬೇಗ ಹೋಗಿದ್ದರು. ಇದ್ದದ್ದು ಇಬ್ಬರೇ ಮಕ್ಕಳು. ಅಣ್ಣ ಓದು ಬಿಟ್ಟು, ಹೂವಿನ ತೋಟ ಮಾಡಿ, ಆ ಹೂವನ್ನು ಬೆಳಗಾಗುವ ಮುಂಚೆ ಮಾರುಕಟ್ಟೆಗೆ ಹೊತ್ತು ತಮ್ಮನನ್ನು ಓದಿಸಿದ್ದ. ಮೇಷ್ಟ್ರ ಬಾಯಲ್ಲಿ ‘ಅಣ್ಣ’ ಎಂಬ ಮಾತು ಬಂದಾಗ ಆ ದೊಡ್ಡ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಅಂಗಿ ಹೊಲಿಸಿದರೂ ಮೊದಲು ಅಣ್ಣನಿಗೆ ತೋರಿಸಿಯೇ ಹಾಕಿಕೊಳ್ಳುವುದು. ವಿಮಾನ ನಿಲ್ದಾಣದ ರಸ್ತೆಗೆ ಹೊಂದಿಕೊಂಡಂತೆ ಅವರಿಬ್ಬರ ಹೆಸರಿನಲ್ಲಿ ಜಂಟಿ ಜಮೀನು ಇತ್ತು. ಅದರ ಬೆಲೆ ಏರುತ್ತಿದೆ ಎಂದು ನಾವು ಸ್ಟಾಫ್ ರೂಮಿನಲ್ಲಿ ರೇಗಿಸಿದರೆ, ‘ನಂಗೆ ಅದರ ಗಡಿ ಎಲ್ಲಿದೆ ಅಂತಾನೂ ಗೊತ್ತಿಲ್ಲ ಮೇಡಂ. ಅಣ್ಣ ನೋಡ್ಕೊಳ್ತಾರೆ’ ಎನ್ನುತ್ತಿದ್ದರು.

ಆ ಜಮೀನೇ ಅವರನ್ನು ತಿಂದಿತು.

ಅವರು ಬೆಳಿಗ್ಗೆ ಕೆರೆಯ ಏರಿಯ ಮೇಲೆ ಓಡುತ್ತಿದ್ದರು. ಹಾಗೆ ಓಡುತ್ತಿದ್ದಾಗ ಒಂದು ಕಾರು ಬಂದು ನಿಂತು, ‘ಸಾರ್, ನಿಮ್ಮ ಅಣ್ಣಂಗೆ ಆಕ್ಸಿಡೆಂಟ್ ಆಗಿದೆ, ಬೇಗ ಬನ್ನಿ’ ಎಂದರಂತೆ ಅದರಲ್ಲಿದ್ದವರು. ಯಾರು ನೀವು, ಎಲ್ಲಿಂದ ಬಂದಿರಿ ಎಂದು ಮೇಷ್ಟ್ರು ಕೇಳಲಿಲ್ಲ. ಹತ್ತಿದರು. ಎಷ್ಟೋ ದಿನ ಆದ ಮೇಲೆ ಇದನ್ನು ಹೇಳುವಾಗ, ‘ಅಣ್ಣ ಅಂದ್ರಲ್ಲ ಮೇಡಂ, ಹತ್ಬಿಟ್ಟೆ’ ಎಂದಷ್ಟೇ ಹೇಳಿದ್ದರು.

ಜಮೀನನ್ನು ತಾವು ಹೇಳಿದ ಬೆಲೆಗೆ ಬರೆಸಿಕೊಳ್ಳಬೇಕೆಂದಿದ್ದ ಒಂದು ಗುಂಪಿನ ಕೆಲಸ ಅದು. ತಮ್ಮನನ್ನು ಇಟ್ಟುಕೊಂಡರೆ ಅಣ್ಣ ಸಹಿ ಹಾಕುತ್ತಾನೆ ಎಂಬ ಲೆಕ್ಕ. ಆದರೆ ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆಗ ಶಾಲೆಗೆ ಬಂದ ಸುದ್ದಿ ಮೇಷ್ಟ್ರಿಗೆ ಹುಷಾರಿಲ್ಲ ಎಂದು. ಹೆಡ್‌ಮಾಸ್ಟರು ಮೇಷ್ಟ್ರ ಮನೆಗೆ ಫೋನು ಮಾಡಿದರೆ ಅಣ್ಣನೇ ಎತ್ತಿಕೊಂಡು, ‘ಊರಿಗೆ ಹೋಗವ್ನೆ, ಬತ್ತಾನೆ’ ಎನ್ನುತ್ತಿದ್ದರು. ಅವರ ಊರು ಜಕ್ಕೂರೇ ಅಲ್ಲವೇ ಎಂದು ನನಗೆ ಅನ್ನಿಸಿತ್ತು.

ಒಂದು ಮಧ್ಯಾಹ್ನ ಅವರ ಹೆಂಡತಿ ರತ್ನ ನಮ್ಮ ಮನೆಗೆ ಬಂದಳು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕಂಡಿದ್ದೆ, ಅಷ್ಟೇ ಪರಿಚಯ. ಕುಂಕುಮ ಬೆವರಿಗೆ ಕರಗಿ ಮೂಗಿನವರೆಗೂ ಇಳಿದಿತ್ತು. ಕೂರು ಎಂದರೂ ಕೂರಲಿಲ್ಲ.

‘ಅಕ್ಕ, ಅವರನ್ನ ಯಾರೋ ಹೊತ್ಕೊಂಡು ಹೋಗಿದ್ದಾರೆ. ನನ್ ಜೊತೆ ಸ್ಟೇಷನ್ನಿಗೆ ಬರ್ತೀರಾ?’

‘ನಿಮ್ಮ ಭಾವನವರು?’

‘ಪೊಲೀಸ್ ಬೇಡ ಅಂತಿದ್ದಾರೆ. ಅವರಿಗೆ ಹೇಳಿಲ್ಲ.’

ಇಬ್ಬರೂ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಸ್ಟೇಷನ್ನಿನಲ್ಲಿ ಮಾತ್ರ ಚೊಕ್ಕವಾಗಿ ಹೇಳಿದಳು. ಗಂಡ ಮನೆಗೆ ಬಂದಿಲ್ಲ, ಭಾವನ ಮೊಬೈಲಿಗೆ ಫೋನು ಬರುತ್ತಿದೆ, ಜಮೀನು ಕೇಳುತ್ತಿದ್ದಾರೆ ಎಂದು. ಪೊಲೀಸರು ಆ ಫೋನಿನ ಜಾಡು ಹಿಡಿದು ಒಂದು ವಾರದೊಳಗೆ ಅವರನ್ನು ಕರೆತಂದರು.

ಇಟ್ಟಿದ್ದದ್ದು ದೊಡ್ಡಬಳ್ಳಾಪುರದ ಕಡೆಯ ಒಂದು ಪಾಳು ಕೋಳಿ ಫಾರಂನಲ್ಲಿ, ಮೇವಿನ ಮೂಟೆ ಇಡುವ ಕೋಣೆಯಲ್ಲಿ. ಪೊಲೀಸರು ಹೋದಾಗ ಅಲ್ಲಿದ್ದವನು ಒಬ್ಬನೇ, ವಯಸ್ಸಾದ ಕಾವಲಿನವನು. ಅವನು ಓಡಲಿಲ್ಲವಂತೆ. ಬೀಗದ ಕೈ ಕೊಟ್ಟು ಕುಕ್ಕರಗಾಲಲ್ಲಿ ಕೂತನಂತೆ. ಉಳಿದವರನ್ನು ಆಮೇಲೆ ಹಿಡಿದರು.

ಅಲ್ಲಿ ಹೇಗಿದ್ದರು ಎಂಬುದನ್ನು ಅವರು ಒಮ್ಮೆಲೇ ಹೇಳಿದವರಲ್ಲ. ಯಾವಾಗಲೋ ಒಂದು ತುಂಡು, ಇನ್ಯಾವಾಗಲೋ ಇನ್ನೊಂದು. ಮೊದಲು ಕೂಗಿದ್ದರು. ಆ ದನಿಯಲ್ಲಿ ಕೂಗಿದರೆ ಆಚೆಯ ಊರಿಗೆ ಕೇಳಿಸುತ್ತದೆಂದು ಬಾಯಿಗೆ ಬಟ್ಟೆ ತುರುಕಿ, ಅಂಗಾಲಿಗೆ ಹೊಡೆದರು. ಆಮೇಲೆ ಒಂದು ನಿಯಮ ಮಾಡಿದರು. ಏಳಬೇಕಾದರೆ ಕೇಳಬೇಕು. ಕೂರಬೇಕಾದರೆ ಕೇಳಬೇಕು. ನೀರು ಕುಡಿಯಲು, ಉಚ್ಚೆಗೆ ಹೋಗಲು, ಮಗ್ಗುಲು ಬದಲಿಸಲು ಕೂಡ. ಕೇಳದೆ ಮಾಡಿದರೆ ಅಂಗಾಲು. ಕಾವಲಿನ ಆ ಮುದುಕನನ್ನು ಇವರು ‘ಯಜಮಾನ್ರೇ’ ಎನ್ನುತ್ತಿದ್ದರು. ಅವನು ಹೊಡೆಯುತ್ತಿರಲಿಲ್ಲ. ಮಿಕ್ಕವರು ಇಲ್ಲದಾಗ ಕೈಯ ಕಟ್ಟು ಸಡಿಲಿಸಿ, ಮನೆಯಿಂದ ತಂದ ಮುದ್ದೆಯಲ್ಲಿ ಅರ್ಧ ಮುರಿದು ಕೊಡುತ್ತಿದ್ದ. ಆದರೆ ಸಂಜೆ ಅವರು ಬರುವ ಹೊತ್ತಿಗೆ ಮತ್ತೆ ಕಟ್ಟುತ್ತಿದ್ದವನೂ ಅವನೇ.

ಕಣ್ಣು ಕಟ್ಟಿದ್ದಾಗ ಅವರು ತಲೆಯೊಳಗೆ ಶಾಲೆಯ ಮೈದಾನವನ್ನು ತುಂಬಿಸುತ್ತಿದ್ದರಂತೆ. ಪ್ರಾರ್ಥನೆಯ ಗಂಟೆ. ಒಂದೊಂದೇ ತರಗತಿ ಸಾಲಾಗಿ ಬರುತ್ತದೆ. ಮುಂದಿನಿಂದ ಹಿಂದಕ್ಕೆ ಒಬ್ಬೊಬ್ಬರ ಹೆಸರು ಹೇಳುತ್ತಾ ಹೋಗುವುದು. ಬಿಡುಗಡೆಯಾಗಿ ಬಂದ ಮೇಲೆ ನಾನು ಮೊದಲ ಸಲ ನೋಡಲು ಹೋದಾಗ, ಹೇಗಿದ್ದೀರಿ ಎಂಬ ನನ್ನ ಮಾತಿಗೆ ಉತ್ತರ ಕೊಡದೆ ಕೇಳಿದ್ದು ಇದನ್ನು:

‘ಮೇಡಂ, ಎಂಟನೇ ಕ್ಲಾಸಲ್ಲಿ ಎರಡು ಜಡೆ ಹಾಕ್ಕೊಂಡು, ಕನ್ನಡಕ. ಲಾಂಗ್ ಜಂಪ್ ಹಾರ್ತಾಳಲ್ಲ. ಏನವಳ ಹೆಸರು?’

‘ಶಬಾನ.’

‘ಶಬಾನ,’ ಎಂದು ಎರಡು ಮೂರು ಸಲ ಹೇಳಿಕೊಂಡರು. ‘ದಿನಾ ಅಲ್ಲೇ ಸಿಕ್ಕಾಕ್ಕೋತಿದ್ದೆ. ಅವಳ ಹಿಂದಿನೋರೆಲ್ಲ ಹಂಗೇ ನಿಂತ್ಬಿಡ್ತಿದ್ರು.’

ಹೇಳುತ್ತಿದ್ದ ದನಿ ಅವರದಲ್ಲ. ಬಾಗಿಲಿನಾಚೆ ಯಾರೋ ಮಲಗಿದ್ದಾರೆ, ಎಚ್ಚರವಾದೀತು ಎಂಬಂತೆ ಪಿಸುಗುಟ್ಟುತ್ತಿದ್ದರು. ಡಾಕ್ಟರು ಗಂಟಲು ನೋಡಿ ಏನೂ ತೊಂದರೆಯಿಲ್ಲ ಎಂದಿದ್ದರು. ಕಾಫಿ ತಂದಿಟ್ಟ ರತ್ನಳ ಮುಖ ನೋಡಿ, ‘ಕುಡೀಲಾ?’ ಎಂದರು. ನಾನು ತಮಾಷೆ ಎಂದುಕೊಂಡೆ. ಅವಳು, ‘ಕುಡೀರಿ’ ಎಂದ ಮೇಲೆ ಲೋಟ ಎತ್ತಿಕೊಂಡರು. ಆಗ ತಿಳಿಯಿತು, ತಮಾಷೆಯಲ್ಲ ಎಂದು.

ಕೆಲವು ತಿಂಗಳ ನಂತರ ಶಾಲೆಗೆ ಬಂದರು. ಮಕ್ಕಳು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಪೀಪಿ ಬಾಯಿಗಿಟ್ಟುಕೊಂಡರು, ಗಾಳಿ ಬರಲಿಲ್ಲ. ಸಾಲಾಗಿ ನಿಂತಿದ್ದ ಹತ್ತನೇ ತರಗತಿಯವರನ್ನು ನೋಡುತ್ತಾ, ಮೆಲ್ಲಗೆ, ‘ಶುರು ಮಾಡ್ಲಾ?’ ಎಂದರು. ಹಿಂದಿನ ಸಾಲಿನಲ್ಲಿ ಯಾರೋ, ‘ಮಾಡಿ ಸಾರ್, ಪರ್ಮಿಷನ್ ಗ್ರಾಂಟೆಡ್’ ಎಂದ. ಎಲ್ಲರೂ ನಕ್ಕರು. ಮಕ್ಕಳದೇನೂ ತಪ್ಪಿಲ್ಲ, ಅವರಿಗೇನು ಗೊತ್ತು. ಮೇಷ್ಟ್ರು ಮಾತ್ರ ಆ ಅಪ್ಪಣೆ ಸಿಕ್ಕಿದ್ದಕ್ಕೆ ಸಮಾಧಾನಗೊಂಡವರಂತೆ ತಲೆಯಾಡಿಸಿ ಡ್ರಿಲ್ ಶುರು ಮಾಡಿದರು. ನನಗೆ ಸ್ಟಾಫ್ ರೂಮಿನ ಕಿಟಕಿಯಲ್ಲಿ ನಿಲ್ಲಲಾಗಲಿಲ್ಲ.

ಆಮೇಲೆ ಹೆಡ್‌ಮಾಸ್ಟರು ಅವರನ್ನು ಆಟದ ಸಾಮಾನಿನ ಕೋಣೆಗೆ ಹಾಕಿದರು. ಬ್ಯಾಟು, ಚೆಂಡು, ಹಗ್ಗ ಎಣಿಸಿ ಇಡುವ ಕೆಲಸ. ಬಾಗಿಲು ಮುಚ್ಚಿಕೊಳ್ಳದಂತೆ ಗುಂಡು ಎಸೆತದ ಕಬ್ಬಿಣದ ಗುಂಡನ್ನು ಅಡ್ಡ ಇಟ್ಟುಕೊಂಡು ಹೊಸ್ತಿಲಿನ ಪಕ್ಕದಲ್ಲೇ ಕೂರುತ್ತಿದ್ದರು. ಮೂಲೆಯಲ್ಲಿ ಮ್ಯಾಟುಗಳನ್ನು ಸುತ್ತಿಟ್ಟಿದ್ದರು. ಆ ಕಡೆ ಬೆನ್ನು ಮಾಡುತ್ತಿರಲಿಲ್ಲ, ಮೇವಿನ ಮೂಟೆಗಳ ಹಾಗೆ ಕಾಣುತ್ತವೆ ಎನ್ನುತ್ತಿದ್ದರು. ವರ್ಷ ತುಂಬುವ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಂಡರು.

ರತ್ನ ಅವರನ್ನು ಒಬ್ಬ ಮನೋವೈದ್ಯೆಯ ಬಳಿ ಕರೆದುಕೊಂಡು ಹೋಗುತ್ತಿದ್ದಳು. ಆಕೆ ಒಳ್ಳೆಯ ವೈದ್ಯೆ, ಸಮಾಧಾನದ ಹೆಂಗಸು. ‘ಅವರು ಕೇಳಿದಾಗ ಹೂಂ ಅನ್ನಬೇಡಿ, ಊಹೂಂ ಅಂತಲೂ ಅನ್ನಬೇಡಿ. ನಿಮ್ಮಿಷ್ಟ ಅನ್ನಿ. ತಾವೇ ತೀರ್ಮಾನ ಮಾಡೋದನ್ನ ಮತ್ತೆ ಕಲೀಬೇಕು’ ಎಂದಿದ್ದರಂತೆ. ರತ್ನ ಹಾಗೇ ಮಾಡಿದಳು. ‘ನೀರು ಕುಡೀಲಾ?’ ಎಂದರೆ ‘ನಿಮ್ಮಿಷ್ಟ.’ ‘ಸ್ನಾನಕ್ಕೆ ಹೋಗ್ಲಾ?’ ಎಂದರೆ ‘ನಿಮ್ಮಿಷ್ಟ.’ ಮೊದಮೊದಲು ಅವರು ಲೋಟ ಕೈಯಲ್ಲಿ ಹಿಡಿದುಕೊಂಡು ಅವಳ ಹಿಂದೆಯೇ ಅಡಿಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ನಡುಮನೆಗೆ ಅಲೆಯುತ್ತಿದ್ದರಂತೆ. ಒಂದು ದಿನ ಬಿಸಿಲಿನಲ್ಲಿ ಹೊರಗಿಂದ ಬಂದವರು, ತುಟಿ ಒಣಗಿದೆ, ತುಂಬಿದ ಲೋಟ ಹಿಡಿದು ನಿಂತೇ ಇದ್ದರು. ಕಡೆಗೆ ಅವಳೇ ತಡೆಯಲಾರದೆ, ‘ಕುಡೀರಿ, ಕುಡೀರಿ, ನಿಮ್ ಕಾಲಿಗೆ ಬೀಳ್ತೀನಿ’ ಎಂದು ಅತ್ತಳಂತೆ. ಅವರು ಕುಡಿದು, ಲೋಟ ತೊಳೆದಿಟ್ಟು, ‘ಯಾಕಳ್ತಿದ್ದೀಯ?’ ಎಂದು ಅವಳ ಪಕ್ಕ ನಿಂತರಂತೆ. ಪಕ್ಕದಲ್ಲಿ ಕೂರಲಿಲ್ಲ. ಕೂರು ಎಂದು ಅವಳು ಹೇಳಿರಲಿಲ್ಲ.

ಆದರೂ ನಿಧಾನಕ್ಕೆ ಬದಲಾದರು, ಅದನ್ನೂ ಹೇಳಬೇಕು. ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಹಾಲು ತಂದಿಟ್ಟಿದ್ದರು. ರತ್ನ ನನಗೆ ಫೋನು ಮಾಡಿ ಮಗು ನಡೆಯಲು ಕಲಿತ ಸುದ್ದಿ ಹೇಳುವಂತೆ ಹೇಳಿದಳು. ಭಾನುವಾರಗಳಂದು ನಾನು ಹೋಗಿ ಅವರ ಜೊತೆ ಕೆರೆಯ ಏರಿಯ ಮೇಲೆ ಅಡ್ಡಾಡುತ್ತಿದ್ದೆ. ಓಡುತ್ತಿರಲಿಲ್ಲ, ಆದರೆ ಬರುತ್ತಿದ್ದರು. ಕಾರು ಪಕ್ಕದಲ್ಲಿ ನಿಧಾನಿಸಿದರೆ ನನ್ನ ಆಚೆ ಬದಿಗೆ ಸರಿಯುತ್ತಿದ್ದರು, ಅಷ್ಟೇ. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನಗಳು ಕೆರೆಯ ಮೇಲೆ ತಿರುಗುವುದನ್ನು ತಲೆಯೆತ್ತಿ ನೋಡುತ್ತಿದ್ದರು. ಒಂದು ಸಲ ಮೀನಿಗೆ ಗಾಳ ಹಾಕುತ್ತಿದ್ದವರ ಜೊತೆ ಗಟ್ಟಿಯಾಗಿ ಜಗಳವಾಡಿದ್ದೂ ಉಂಟು. ಆ ಜಗಳದಲ್ಲಿ ಒಂದು ಮಾತು ಹಳೆಯ ಗಂಟಲಿನಿಂದ ಬಂತು. ಅವರೇ ಬೆಚ್ಚಿ ನನ್ನ ಕಡೆ ನೋಡಿದರು.

ಹಾಗೆ ಅಡ್ಡಾಡುವಾಗಲೇ ಒಂದು ದಿನ ಒಂದು ಫೋನಿನ ವಿಷಯ ಹೇಳಿದ್ದು. ಹೊಡೆದದ್ದು, ಕಟ್ಟಿದ್ದು, ಕತ್ತಲೆ, ಇದೆಲ್ಲ ತಡೆದುಕೊಂಡಿದ್ದೆ ಎಂದರು. ಅಣ್ಣ ಬರುತ್ತಾರೆ ಎಂದು ಗೊತ್ತಿತ್ತು. ಒಂದು ದಿನ ಆ ಗುಂಪಿನವರು ಇವರನ್ನು ಎದುರಿಗೆ ಕೂರಿಸಿಕೊಂಡು, ಬಾಯಿಗೆ ಬಟ್ಟೆ ಕಟ್ಟಿ, ಅಣ್ಣನಿಗೆ ಫೋನು ಮಾಡಿ ಸ್ಪೀಕರ್ ಹಾಕಿದರು. ನಿನ್ನ ತಮ್ಮ ಉಳಿಯಬೇಕೋ ಬೇಡವೋ ಎಂದರು. ಆ ಕಡೆಯಿಂದ ಅಣ್ಣನ ದನಿ ಬಂತು.

‘ನನ್ ತಮ್ಮ ಗಟ್ಟಿ ಆಳು ಕಣ್ರೀ. ಇನ್ನೂ ಸ್ವಲ್ಪ ದಿನ ತಡ್ಕೊಳ್ತಾನೆ. ನೀವು ರೇಟಿನ ವಿಚಾರ ಸರಿಯಾಗಿ ಮಾತಾಡಿ.’

ಇದನ್ನು ಹೇಳಿ ಮೇಷ್ಟ್ರು ಏರಿಯ ಕಲ್ಲಿನ ಮೇಲೆ ಕೂತರು. ನನ್ನನ್ನು ಕೇಳದೆ ಕೂತರು. ಬಹುಶಃ ಬೆಲೆಗಾಗಿ ಅಲ್ಲ, ಆ ಗುಂಪಿನವರನ್ನು ಮಾತಿನಲ್ಲಿ ತೊಡಗಿಸಿ ಹೊತ್ತು ದೂಡಲು ಹಾಗೆ ಅಂದಿರಬಹುದು ಎಂದೆ.

‘ಇರಬಹುದು ಮೇಡಂ. ನಾನೂ ಹಂಗೇ ಅಂದ್ಕೊಳ್ಳೋಕೆ ನೋಡ್ದೆ. ಆದ್ರೆ ಆ ದನಿ ಗೊತ್ತು ನಂಗೆ. ಹೂವಿನ ಮಂಡಿಲಿ ವ್ಯಾಪಾರ ಕುದುರಿಸೋ ದನಿ ಅದು. ಚಿಕ್ಕಂದಿಂದ ಕೇಳಿದೀನಿ.’ ಏಳುವಾಗ, ‘ರತ್ನಂಗೆ ಹೇಳ್ಬೇಡಿ. ಅವಳು ಅಣ್ಣನ ಮನೆ ಹೊಸ್ತಿಲು ತುಳಿಯಲ್ಲ ಆಮೇಲೆ. ಅವಳ ಪಾಲಿಗಾದ್ರೂ ಒಂದು ಮನೆತನ ಅಂತ ಇರ್ಲಿ’ ಎಂದರು. ನಾನು ಹೇಳುವುದಿಲ್ಲ ಎಂದೆ.

ಅಣ್ಣ ಆಗಾಗ ಹಣ್ಣು ತೆಗೆದುಕೊಂಡು ಬರುತ್ತಿದ್ದರು. ನಾನಿದ್ದಾಗಲೂ ಒಮ್ಮೆ ಬಂದರು. ‘ಹೆಂಗಿದ್ದೀಯೋ? ಗಟ್ಟಿ ಆಗ್ಬೇಕಪ್ಪ’ ಎಂದು ತಮ್ಮನ ಬೆನ್ನು ಸವರಿದರು. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ಕಣ್ಣಲ್ಲಿ ನೀರೂ ಇತ್ತು. ತಮ್ಮ ಎದ್ದು ನಿಂತವರು ಅಣ್ಣ ಹೋಗುವವರೆಗೂ ನಿಂತೇ ಇದ್ದರು. ರತ್ನ ತಲೆ ಬಗ್ಗಿಸಿ ಕಾಫಿ ಕೊಟ್ಟಳು.

ಕೇಸು ಕೋರ್ಟಿಗೆ ಬರುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಜೊತೆಗಿರಲಿ ಎಂದು ರತ್ನ ನನ್ನನ್ನು ಕರೆದಳು. ಮೊದಲು ಅವಳ ಸಾಕ್ಷಿ. ಮೇಷ್ಟ್ರು ಹೊರಗೆ ವರಾಂಡದಲ್ಲಿ ಕಾಯುತ್ತಿದ್ದರು. ದೂರು ಕೊಟ್ಟದ್ದನ್ನೆಲ್ಲ ಅವಳು ಸರಿಯಾಗಿ ಹೇಳಿದಳು. ಸರ್ಕಾರಿ ವಕೀಲರು, ‘ಭಾವನಿಗೆ ಬರುತ್ತಿದ್ದ ಫೋನುಗಳಲ್ಲಿ ಯಾವುದಾದರೂ ಒಂದನ್ನ ನೀವು ಸ್ವತಃ ಕೇಳಿದ್ದೀರಾ?’ ಎಂದರು. ಅವಳು ಬಾಗಿಲ ಕಡೆ ನೋಡಿದಳು. ‘ಇಲ್ಲ’ ಎಂದಳು.

ಮುಂದಿನ ಸಲ ಅಣ್ಣನ ಸಾಕ್ಷಿ. ಫೋನು ಬಂದದ್ದು ನಿಜ, ಅದು ಜಮೀನಿನ ವ್ಯವಹಾರ, ಬೆದರಿಕೆ ಏನೂ ಇರಲಿಲ್ಲ ಎಂದುಬಿಟ್ಟರು. ಮನೆಯಲ್ಲಿ ಮುನಿಸಿಕೊಂಡು ತಮ್ಮ ಎಲ್ಲಿಗೋ ಹೋಗಿದ್ದ ಅಂತ ಕಾಣುತ್ತೆ ಎಂದರು. ಅಷ್ಟರಲ್ಲಿ ಆ ಜಮೀನನ್ನು ಆ ಗುಂಪಿನ ಹಿಂದಿದ್ದವರಿಗೇ ಮಾರುವ ಮಾತಾಗಿತ್ತು, ಅಣ್ಣ ಕೇಳಿದ ಬೆಲೆಗೆ. ತಮ್ಮನೂ ಕಾಗದಗಳಿಗೆ ಸಹಿ ಹಾಕಿದ್ದರು. ‘ಹಾಕ್ಲಾ?’ ಎಂದು ಕೇಳಿಯೇ ಹಾಕಿದ್ದರಂತೆ.

ಕೊನೆಗೆ ಮೇಷ್ಟ್ರ ಸಾಕ್ಷಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕಟಕಟೆಯ ಕಂಬಿಯ ಮೇಲೆ ಪೂರ್ತಿ ಭಾರ ಹಾಕಿ ನಿಂತದ್ದು ನನಗೆ ಹಿಂದಿನ ಬೆಂಚಿಗೂ ಕಾಣುತ್ತಿತ್ತು. ನ್ಯಾಯಾಧೀಶರಿಗೂ ಕಂಡಿರಬೇಕು. ‘ಒಂದು ಕುರ್ಚಿ ಕೊಡಿ ಅವರಿಗೆ. ಕೂತ್ಕೊಂಡೇ ಹೇಳಿ’ ಎಂದರು. ಕುರ್ಚಿ ಬಂತು. ಮೇಷ್ಟ್ರು ಕೂರಲಿಲ್ಲ. ನ್ಯಾಯಾಧೀಶರನ್ನು ನೋಡಲಿಲ್ಲ, ವಕೀಲರನ್ನೂ ನೋಡಲಿಲ್ಲ. ಎದುರಿಗೆ ಆರೋಪಿಗಳ ಸಾಲಿನಲ್ಲಿ ನಿಂತಿದ್ದ ಆ ಕಾವಲಿನ ಮುದುಕನ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವಂತೆ, ‘ಕೂತ್ಕೊಳ್ಲಾ ಯಜಮಾನ್ರೇ?’ ಎಂದರು.

ಮುದುಕ ತಲೆ ತಗ್ಗಿಸಿಕೊಂಡು ನಿಂತಿದ್ದ. ಮೇಷ್ಟ್ರು ಕಾಯುತ್ತಿದ್ದರು. ಬಹಳ ಹೊತ್ತಾದ ಮೇಲೆ ಮುದುಕ ಮುಖ ಎತ್ತದೆಯೇ ಹೂಂ ಎಂಬಂತೆ ತಲೆಯಾಡಿಸಿದ. ಮೇಷ್ಟ್ರು ಕೂತರು.

ಆರೋಪಿಗಳ ವಕೀಲ ಎದ್ದು ನಿಂತು, ‘ಸ್ವಾಮಿ, ಇದನ್ನ ದಾಖಲು ಮಾಡ್ಕೋಬೇಕು. ಸಾಕ್ಷಿಗೂ ಆರೋಪಿಗೂ ಎಷ್ಟು ಸಲಿಗೆ ಇದೆ ನೋಡಿ. ಇಷ್ಟು ಗೌರವ ಕೊಡೋರನ್ನ ಹಿಡಿದು ಕಟ್ಟಿಹಾಕಿದ್ರು ಅಂದ್ರೆ ನಂಬೋದು ಹೇಗೆ?’ ಎಂದ. ಸರ್ಕಾರಿ ವಕೀಲರು ಆ ಫೋನಿನ ಬಗ್ಗೆ ಕೇಳಿದರು. ಅಣ್ಣನ ಜೊತೆ ಮಾತಾಡಿದ್ದನ್ನು ನಿಮಗೆ ಕೇಳಿಸಿದ್ದರೇ? ಮೇಷ್ಟ್ರು ಬೆಂಚುಗಳ ಕಡೆ ನೋಡಿದರು. ನನ್ನ ಪಕ್ಕದಲ್ಲಿ ರತ್ನ ಕೂತಿದ್ದಳು.

‘ನೆನಪಿಲ್ಲ’ ಎಂದರು.

ಎಲ್ಲರೂ ಖುಲಾಸೆಯಾದರು. ಸ್ವಂತ ಅಣ್ಣನೇ ಬೆದರಿಕೆ ಇರಲಿಲ್ಲ ಎಂದಿರುವಾಗ ಸಾಕ್ಷ್ಯ ಸಾಲದು ಎಂದು. ತೀರ್ಪಿನ ದಿನ ಮೇಷ್ಟ್ರು ಬಂದಿರಲಿಲ್ಲ. ರತ್ನ ಹೇಳಿದಾಗ, ‘ಹಂಗಾ’ ಎಂದು ಟಿ.ವಿ. ನೋಡುತ್ತಲೇ ಇದ್ದರಂತೆ.

ಅಲ್ಲಿಂದ ಅವರು ಮತ್ತೆ ಮೇಲೇಳಲಿಲ್ಲ. ಹಾಲು ತರುವುದು ನಿಂತಿತು. ಕೆರೆಯ ಕಡೆ ಬರುವುದು ನಿಂತಿತು. ಜಮೀನಿದ್ದ ಕಡೆ ಅಪಾರ್ಟ್‌ಮೆಂಟು ಎದ್ದಿತು. ಅವರ ಮನೆಯ ಮಹಡಿಯಿಂದ ಅದರ ಮೇಲಿನ ಅಂತಸ್ತುಗಳು ಕಾಣುತ್ತಿದ್ದವು. ಅವರು ಮಹಡಿಗೇ ಹೋಗುತ್ತಿರಲಿಲ್ಲ. ನಾನು ಹೋದರೆ ನನ್ನನ್ನೂ ಕೇಳುತ್ತಿದ್ದರು. ‘ಫ್ಯಾನ್ ಹಾಕ್ಲಾ ಮೇಡಂ? ಕೆಮ್ಮಲಾ?’ ಹೌದು, ಕೆಮ್ಮಲೂ ಕೇಳುತ್ತಿದ್ದರು. ವೈದ್ಯೆ ಹೇಳಿಕೊಟ್ಟಂತೆ ‘ನಿಮ್ಮಿಷ್ಟ’ ಎನ್ನುವುದನ್ನು ರತ್ನ ಯಾವಾಗಲೋ ಬಿಟ್ಟಿದ್ದಳು. ಹೂಂ, ಹೂಂ, ಹೂಂ ಎನ್ನುತ್ತಾ ಅಡಿಗೆ ಮಾಡುತ್ತಿದ್ದಳು. ಇದು ಐದಾರು ವರ್ಷ ನಡೆಯಿತು. ಬಂಧನದಲ್ಲಿ ಕಳೆದದ್ದು ಒಂದು ತಿಂಗಳಿಗಿಂತ ಕಡಿಮೆ.

ಹನ್ನೊಂದನೆಯ ದಿನದ ತಿಥಿಗೆ ನಾನು ಹೋದೆ. ಜಕ್ಕೂರಿನ ತಿರುವಿನಲ್ಲಿ ಅಣ್ಣ ದೊಡ್ಡ ಫ್ಲೆಕ್ಸ್ ಹಾಕಿಸಿದ್ದರು. ಬಾಯಲ್ಲಿ ಪೀಪಿ ಇರುವ ಮೇಷ್ಟ್ರ ಹಳೆಯ ಫೋಟೋ, ಕೆಳಗೆ ಕೈ ಮುಗಿದು ನಿಂತ ಅಣ್ಣ. ಮನೆಯ ಮುಂದೆ ಶಾಮಿಯಾನ. ಅಣ್ಣನೇ ಓಡಾಡಿ ಎಲ್ಲ ನೋಡಿಕೊಳ್ಳುತ್ತಿದ್ದರು.

ನಾನು ಹಿತ್ತಲಿನಲ್ಲಿ ರತ್ನಳ ಜೊತೆ ಇದ್ದೆ. ಹಿಂದಿನ ಗೇಟಿನ ಬಳಿ ಒಬ್ಬ ಮುದುಕ ಬಂದು ನಿಂತ. ಕೋರ್ಟಿನಲ್ಲಿ ಕಂಡಿದ್ದಕ್ಕಿಂತ ಸೊರಗಿದ್ದ. ನಮ್ಮಿಬ್ಬರಿಗೂ ಗುರುತು ಸಿಕ್ಕಿತು, ಆ ಕಾವಲಿನವನು.

‘ಫ್ಲೆಕ್ಸ್ ನೋಡ್ದೆ ಕಣವ್ವ,’ ಎಂದ. ‘ಸಾರು ಓಗ್ಬುಟ್ರಂತೆ.’

ಅವಳು ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. ಗೇಟು ತೆಗೆದು, ‘ಊಟ ಮಾಡ್ಕೊಂಡು ಹೋಗಿ’ ಎಂದಳು.

‘ಉಣ್ಣಕ್ಕೆ ಮೊಕ ಇಲ್ಲ ನಂಗೆ. ಕೈ ಮುಗ್ದು ಓಗೋಣ ಅಂತ ಬಂದೆ.’

‘ಒಂದು ಕೇಳ್ತೀನಿ, ಹೇಳಿ. ಅವರು ಅಲ್ಲಿ ಹೆಂಗಿದ್ರು? ನನ್ ಹತ್ರ ಸರಿಯಾಗಿ ಹೇಳ್ಳೇ ಇಲ್ಲ ಅವರು. ಹೇಳೋಕೆ ಈಗ ನೀವೊಬ್ರೇ ಇರೋದು.’

ಮುದುಕ ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ನಿಂತ. ‘ಮೊದ್ಲು ಗಟ್ಟಿಯಾಗೇ ಇದ್ರು ಕಣವ್ವ. ಒಡುದ್ರೂ ಬಗ್ತಿರ್ಲಿಲ್ಲ. ನಮ್ಮಣ್ಣ ಬತ್ತಾರೆ ಅನ್ನೋರು. ನಮ್ಮನೆಯೋಳೂ ಸುಮ್ಕೆ ಕೂರೋಳಲ್ಲ ಅನ್ನೋರು. ಆ ಫೋನ್ ಆಯ್ತು ನೋಡಿ, ಆವತ್ತಿಂದ ಎಲ್ಲಾ ನಿಂತೋಯ್ತು. ಅನ್ನ ಇಕ್ಕುದ್ರೆ ಉಣ್ಲಾ ಅಂತ ಕೇಳೋರು. ಅಲ್ಲಿಗಂಟ ಆ ಜನ ಒಡೀತಾರೆ ಅಂತ ಕೇಳ್ತಿದ್ರು. ಆಮ್ಯಾಕೆ ಯಾರಿಲ್ದಿದ್ರೂ ಕೇಳೋರು.’

‘ಯಾವ ಫೋನು?’

‘ಅದೇ, ನಿಮ್ ಬಾವ ಮಾತಾಡಿದ್ರಲ್ಲ. ನನ್ ತಮ್ಮ ಗಟ್ಟಿ ಆಳು, ತಡ್ಕತಾನೆ ಅಂತ. ಸ್ಪೀಕರ್ ಆಕಿದ್ರು. ಸಾರು ಎದುರ್ಗೇ ಕುಂತಿದ್ರು.’

ಮುದುಕ ಇನ್ನೂ ಏನೋ ಹೇಳಲಿದ್ದವನು ರತ್ನಳ ಮುಖ ನೋಡಿ ನಿಲ್ಲಿಸಿದ. ಕೈ ಮುಗಿದು ಬಂದ ದಾರಿಯಲ್ಲೇ ಹೊರಟುಹೋದ. ಅವಳು ಒಗೆಯುವ ಕಲ್ಲಿನ ಮೇಲೆ ಕೂತಳು.

‘ನಿಮಗೆ ಗೊತ್ತಿತ್ತಾ ಅಕ್ಕ?’

‘ಹೇಳಿದ್ರು. ನಿಮಗೆ ಹೇಳ್ಬೇಡಿ ಅಂದಿದ್ರು. ಗೊತ್ತಾದ್ರೆ ನೀವು ಭಾವನ ಮನೆಗೆ ಹೋಗೋದೇ ಬಿಟ್ಬಿಡ್ತೀರಿ ಅಂತ.’

ಅವಳು ತಲೆಯಾಡಿಸಿದಳು. ‘ಆವತ್ತು ನಾನು ಅಲ್ಲೇ ಇದ್ದೆ. ಭಾವನ ಎದುರಿಗೇ, ಬಾಗಿಲು ಹಿಡ್ಕೊಂಡು. ಅಳಬೇಡ, ಅತ್ರೆ ಫೋನಲ್ಲಿರೋರು ರೇಟು ಜಗ್ಗಾಡ್ತಾರೆ ಅಂದಿದ್ರು ಭಾವ. ಸೆರಗು ಕಚ್ಕೊಂಡು ನಿಂತಿದ್ದೆ. ಫೋನಿಟ್ಟ ಮೇಲೆ ಸೀದಾ ನಿಮ್ಮನೆಗೇ ಬಂದಿದ್ದು. ಅಣ್ಣ ತಮ್ಮನ್ನ ಜಮೀನಿನ ರೇಟಿಗೆ ತೂಗಿದ್ದು ಅವರಿಗೆ ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾರೆ ಅಂತ ಬಾಯಿ ಬಿಡ್ಲಿಲ್ಲ. ಕೋರ್ಟಲ್ಲೂ ಇಲ್ಲ ಅಂದೆ. ಹೊರಗಡೆ ಕೂತಿದ್ರಲ್ಲ, ಕಿವಿಗೆ ಬೀಳುತ್ತೆ ಅಂತ.’

ಶಾಮಿಯಾನದ ಕಡೆಯಿಂದ ಬಾಳೆಯೆಲೆ ಹಾಸುವ ಗದ್ದಲ ಕೇಳುತ್ತಿತ್ತು.

‘ಅವರಿಗೆ ಗೊತ್ತಿಲ್ಲ ಅಂತ ನಾನು ಸುಮ್ನಿದ್ದೆ,’ ಎಂದಳು. ‘ನಂಗೆ ಗೊತ್ತಿಲ್ಲ ಅಂತ ಅವರು ಸುಮ್ನಿದ್ರು. ಇಷ್ಟು ವರ್ಷ ಇಬ್ರೂ ಒಂದೇ ಮನೇಲಿ. ಒಂದಿನ ಒಟ್ಟಿಗೆ ಕೂತು ಅತ್ತಿದ್ರೂ ಆಗ್ತಿತ್ತು.’

ಒಳಗಿನಿಂದ ಯಾರೋ ಅವಳನ್ನು ಕರೆದರು. ಪಂಕ್ತಿ ಕೂತಿತ್ತು. ಮನೆಯ ಹೆಂಗಸು ಮೊದಲು ಬಡಿಸಬೇಕು. ಅವಳು ಮುಖ ತೊಳೆದುಕೊಂಡು, ಪಾಯಸದ ಪಾತ್ರೆ ಎತ್ತಿಕೊಂಡು ನಡೆದಳು. ನಾನು ಹಿಂದೆಯೇ ಹೋದೆ. ಒಂದೊಂದೇ ಎಲೆಗೆ ಬಡಿಸುತ್ತಾ ಬಂದವಳು ಸಾಲಿನ ನಡುವೆ ಕೂತಿದ್ದ ಭಾವನ ಎಲೆಯ ಮುಂದೆ ನಿಂತಳು. ಸೌಟು ಪಾತ್ರೆಯಲ್ಲೇ ಇತ್ತು. ಪಕ್ಕದ ಎಲೆಯವರು ತಲೆ ಎತ್ತಿ ನೋಡಿದರು.

‘ಯಾಕವ್ವ ನಿಂತ್ಬಿಟ್ಟೆ,’ ಎಂದರು ಅಣ್ಣ, ಮೆತ್ತಗೆ. ‘ಬಡ್ಸು.’

ಬಡಿಸಿದಳು.